ಸಾಕುಪ್ರಾಣಿಯ ಫೋಟೊ ಯಾವಾಗ ತೆಗೆಸಬೇಕು

ನನಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. 'ಮನೆಗೆ ಮರಿ ಬಂದಿದೆ, ಯಾವಾಗ ಬರಲಿ?' ಎಂಬುದು ಒಂದು. 'ಇನ್ನು ಹೆಚ್ಚು ದಿನ ಇಲ್ಲ ಎಂದು ಪಶುವೈದ್ಯರು ಹೇಳಿದ್ದಾರೆ' ಎಂಬುದು ಇನ್ನೊಂದು. ನಾಯಿ, ಬೆಕ್ಕು, ಮೊಲ, ಗಿಳಿಗಳ ಫೋಟೊ ತೆಗೆಯುವ ಕೆಲಸಕ್ಕೆ ಇಳಿದು ಹದಿನಾಲ್ಕು ವರ್ಷಗಳಾದವು. ಇವೆರಡರ ನಡುವಿನ ಕಾಲದಲ್ಲಿ ಕರೆ ಮಾಡುವವರು ಇಂದಿಗೂ ಅಪರೂಪ. ಆದರೆ ನಿಮ್ಮ ಹೆಜ್ಜೆಯ ಸದ್ದು ಕೇಳಿ ಸಾಕುಪ್ರಾಣಿ ಬಾಗಿಲಿಗೆ ಓಡಿ ಬರುತ್ತಿದ್ದ ವರ್ಷಗಳು ನಡುವಿನವೇ. ಹಾಗಾಗಿ 'ಒಂದೇ ಸಲ ತೆಗೆಸುವುದಾದರೆ ಯಾವಾಗ?' ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ನಾಯಿಯಾದರೆ ಮೂರರಿಂದ ಆರು ವರ್ಷದೊಳಗೆ.

ಸಣ್ಣ ತಳಿಯ ನಾಯಿಗಳು ಸುಮಾರು ಒಂದು ವರ್ಷಕ್ಕೆ ಪೂರ್ತಿ ಬೆಳೆಯುತ್ತವೆ. ದೊಡ್ಡ ತಳಿಗಳಿಗೆ ಒಂದೂವರೆಯಿಂದ ಎರಡು ವರ್ಷ ಬೇಕು. ಅದಾದ ಮೇಲೆ ಎದೆ ತುಂಬಿಕೊಳ್ಳುತ್ತದೆ, ಮುಖಕ್ಕೆ ಒಂದು ನೆಲೆ ಸಿಗುತ್ತದೆ, ತಲೆ ಓರೆ ಮಾಡುವ ರೀತಿ, ಕೂರುವ ಭಂಗಿ ಎಲ್ಲವೂ ಅದರದೇ ಆಗಿಬಿಡುತ್ತವೆ. ಏಳು ವರ್ಷ ದಾಟುತ್ತಿದ್ದಂತೆ ಅನೇಕ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ತೆಳು ನೀಲಿ ಮಬ್ಬು ಕಾಣಿಸಿಕೊಳ್ಳುತ್ತದೆ. ನಾಯಿಯ ದೃಷ್ಟಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಆದರೆ ಹತ್ತಿರದಿಂದ ತೆಗೆದ ಫೋಟೊದಲ್ಲಿ ಆ ಮಬ್ಬು ಎದ್ದು ಕಾಣುತ್ತದೆ. ನರೆತ ಮೂತಿಗೂ ಅದರದೇ ಚೆಲುವಿದೆ, ಅದನ್ನೂ ತೆಗೆಸಿ. ಆದರೆ ಕಪ್ಪು ಮೂತಿಯ ಕಾಲವನ್ನು ಸುಮ್ಮನೆ ಕೈಬಿಡಬೇಡಿ.

ಮರಿಯ ಫೋಟೊ ಬೇಕೇ ಬೇಕು ಎನ್ನುವವರಿಗೆ ದಿನಗಳು ಕಡಿಮೆ. ನಾಯಿಮರಿಯ ಉಂಡೆಯಂಥ ಮೈ ಎಂಟರಿಂದ ಹನ್ನೆರಡು ವಾರಗಳವರೆಗೆ ಇರುತ್ತದೆ. ಲಸಿಕೆಗಳ ಸರಣಿ ಮುಗಿಯಲು ಸಾಮಾನ್ಯವಾಗಿ ಹದಿನಾರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಬಂದು ಹೋಗುವ ಸ್ಟುಡಿಯೊಗೆ ಮರಿಯನ್ನು ಒಯ್ಯಬೇಡಿ, ಫೋಟೊಗ್ರಾಫರನ್ನೇ ಮನೆಗೆ ಕರೆಸಿ. ಬೆಕ್ಕಿನ ಮರಿಗಳ ಕಣ್ಣಿನ ನೀಲಿ ಬಣ್ಣ ಆರೇಳು ವಾರಕ್ಕೆ ಬದಲಾಗತೊಡಗುತ್ತದೆ. ಬಜರಿಗರ್ ಎಂಬ ಪುಟ್ಟ ಗಿಳಿಯ ಹಣೆಯ ಮೇಲಿನ ಗೆರೆಗಳು ಮೂರು ನಾಲ್ಕು ತಿಂಗಳಲ್ಲಿ, ಮೊದಲ ಸಲ ಗರಿ ಉದುರಿದಾಗ, ಮಾಯವಾಗುತ್ತವೆ.

ನಾಲ್ಕರಿಂದ ಆರು ತಿಂಗಳಲ್ಲಿ ನಾಯಿಮರಿಯ ಹಾಲುಹಲ್ಲು ಬೀಳುತ್ತದೆ, ಕಾಲು ಮಾತ್ರ ಉದ್ದವಾಗಿ ಮೈ ಅಂದಗೆಡುತ್ತದೆ, ಆದ್ದರಿಂದ ಆಗ ಬೇಡ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಕೆಂಚನಿಗೆ ಐದು ತಿಂಗಳಾದಾಗ ಒಂದು ಬೆಳಿಗ್ಗೆ ಅವನ ಎಡಗಿವಿ ನೆಟ್ಟಗೆ ನಿಂತಿತ್ತು, ಬಲಗಿವಿ ಇನ್ನೂ ಮಡಚಿಕೊಂಡೇ ಇತ್ತು. ಹತ್ತು ದಿನಗಳಲ್ಲಿ ಅದೂ ಎದ್ದು ನಿಂತಿತು. ಆ ಹತ್ತು ದಿನಗಳ ಒಂದೇ ಒಂದು ಫೋಟೊ ನನ್ನಲ್ಲಿದೆ. ಅವನು ಹನ್ನೊಂದು ವರ್ಷ ಬದುಕಿದ. ಮನೆಯವರೆಲ್ಲರೂ ಮೊದಲು ಕೇಳುವುದು ಅದೇ ಫೋಟೊವನ್ನು.

ದೊಡ್ಡದಾದ ಮೇಲೆ ದತ್ತು ತಂದ ಪ್ರಾಣಿಯಾದರೆ ಅವಸರ ಬೇಡ. ಹೊಸ ಮನೆಗೆ ಹೊಂದಿಕೊಳ್ಳಲು ಅದಕ್ಕೆ ಕೆಲವು ವಾರ, ಎಷ್ಟೋ ಸಲ ಮೂರು ತಿಂಗಳೂ ಬೇಕಾಗುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: 'ನೀವು ಪಕ್ಕದಲ್ಲಿ ಓಡಾಡುತ್ತಿದ್ದರೂ ಅದು ಹೊಟ್ಟೆ ತೋರಿಸಿ ಮಲಗುತ್ತದೆಯೇ?' ಹೌದು ಎಂದರೆ ದಿನ ಗೊತ್ತು ಮಾಡುತ್ತೇನೆ.

ಶಸ್ತ್ರಚಿಕಿತ್ಸೆಗೆ ಬೋಳಿಸಿದ ಜಾಗದಲ್ಲಿ ಕೂದಲು ಬರಲು ವಾರಗಳಲ್ಲ, ಕೆಲವಕ್ಕೆ ತಿಂಗಳುಗಳೇ ಬೇಕು. ಕೂದಲು ಕತ್ತರಿಸಿದ್ದರೆ ಒಂದು ವಾರ ಬಿಡಿ. ಲಸಿಕೆಯ ಮರುದಿನ, ಮನೆ ಬದಲಿಸಿದ ವಾರ, ಅತಿಥಿಗಳು ತುಂಬಿರುವ ದಿನ, ಇವು ಯಾವುವೂ ಬೇಡ.

ಇನ್ನು ದಿನದ ಹೊತ್ತು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮೊದಲಿನ ಒಂದು ಗಂಟೆ, ಇವೆರಡರ ಬೆಳಕು ಚೆನ್ನ ಎಂಬುದು ನಿಜ. ಆದರೆ ಬೆಳಕಿಗಿಂತ ಮೊದಲು ಪ್ರಾಣಿಯ ದಿನಚರಿಯನ್ನು ನೋಡಿ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಯಾವಾಗ ನಿದ್ದೆ, ಯಾವಾಗ ಆಟ, ಯಾವಾಗ ಸುಮ್ಮನೆ ಕಿಟಕಿ ನೋಡುತ್ತಾ ಕೂರುತ್ತದೆ. ಕೊನೆಯದೇ ನನಗೆ ಬೇಕಾದ ಹೊತ್ತು.

ಒಬ್ಬರ ಮನೆಯಲ್ಲಿ ಬೂದು ಬಣ್ಣದ ಬೆಕ್ಕೊಂದಿತ್ತು. ಹೊಸಬರ ದನಿ ಕೇಳಿದರೆ ಮಂಚದ ಕೆಳಗೆ ಸೇರುತ್ತಿತ್ತು. ಮನೆಯಾಕೆ ಬರೆದಿಟ್ಟ ಚೀಟಿಯಲ್ಲಿ ಏಳು ದಿನಗಳಲ್ಲಿ ಐದು ದಿನ ಸಂಜೆ ಐದಕ್ಕೆ ಹದಿನೈದು ನಿಮಿಷ ಇರುವಾಗ ಅದು ಬಟ್ಟೆ ಒಗೆಯುವ ಯಂತ್ರದ ಮೇಲೆ ಬಂದು ಕೂತಿತ್ತು. ನಾನು ನಾಲ್ಕು ಗಂಟೆಗೇ ಹೋಗಿ, ಕ್ಯಾಮೆರಾ ಚೀಲದಿಂದ ತೆಗೆಯದೆ ನೆಲದ ಮೇಲೆ ಕುಳಿತೆ. ಬೆಕ್ಕು ಬಂದದ್ದು ನಲವತ್ತೈದು ನಿಮಿಷಗಳ ನಂತರ. ಎಂಟು ನಿಮಿಷ ಕುಳಿತಿತ್ತು, ಅಷ್ಟೇ ಸಾಕಾಯಿತು. ಬೆಕ್ಕುಗಳು ಸ್ವಭಾವತಃ ಮುಂಜಾನೆ, ಮುಸ್ಸಂಜೆಗಳಲ್ಲಿ ಚುರುಕು, ನಡುಹಗಲಿನಲ್ಲಿ ಅವನ್ನು ಎಬ್ಬಿಸಿ ಪ್ರಯೋಜನವಿಲ್ಲ.

ನಾಯಿಯಾದರೆ ಒಂದು ಸುತ್ತು ನಡೆಸಿ, ಅರ್ಧ ಗಂಟೆ ತಣಿಯಲು ಬಿಡಿ. ಸೆಖೆಯಲ್ಲಿ ಏದುಸಿರು ಬಿಡುವಾಗ ನಾಲಿಗೆ ಜೋತು ಬೀಳುತ್ತದೆ, ಕಣ್ಣು ಕಿರಿದಾಗುತ್ತದೆ, ಮುಖವೇ ಬೇರೆಯಾಗುತ್ತದೆ. ಊಟಕ್ಕೆ ಸ್ವಲ್ಪ ಮುಂಚೆ ಬಂದರೆ ಬಿಸ್ಕತ್ತಿನ ಕಡೆಗೆ ಅದರ ಗಮನ ಚೆನ್ನಾಗಿರುತ್ತದೆ. ಕಪ್ಪು ಮೈಯ ಪ್ರಾಣಿಗೆ ಮೋಡ ಮುಚ್ಚಿದ ದಿನವೇ ಒಳ್ಳೆಯದು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದರ ಬೆನ್ನು ಬೆಳ್ಳಗೆ ಹೊಳೆದು ಕಣ್ಣು ಕತ್ತಲಲ್ಲಿ ಮುಳುಗಿಬಿಡುತ್ತದೆ.

ಎರಡನೆಯ ಬಗೆಯ ಕರೆ ಮಾಡಬೇಕಾಗಿ ಬಂದವರಿಗೆ ಒಂದು ಮಾತು: ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ ಎನ್ನಬೇಡಿ. ಅದೇ ವಾರ ಕರೆ ಮಾಡಿ. ಅಂಥ ಕರೆಗೆ ನಾನು ಬೇರೆ ಕೆಲಸ ಮುಂದಕ್ಕೆ ಹಾಕಿ ಹೋಗುತ್ತೇನೆ, ನನ್ನಂಥ ಹಲವರು ಹಾಗೆಯೇ ಮಾಡುತ್ತಾರೆ. ನೋವಿನ ಔಷಧ ಕೊಟ್ಟ ಎಷ್ಟು ಹೊತ್ತಿಗೆ ಪ್ರಾಣಿ ಹಗುರವಾಗಿರುತ್ತದೆ ಎಂದು ವೈದ್ಯರನ್ನು ಕೇಳಿಕೊಂಡು ಆ ಹೊತ್ತಿಗೇ ಕರೆಸಿ. ಸ್ಟೀರಾಯ್ಡ್ ಔಷಧಗಳಿಂದ ಕೆಲವು ವಾರಗಳಲ್ಲಿ ಮೈಯ ಆಕಾರ ಬದಲಾಗಬಹುದು, ಆದರೆ ಫೋಟೊಗಾಗಿ ಚಿಕಿತ್ಸೆಯನ್ನು ಒಂದು ದಿನವೂ ತಡಮಾಡಬಾರದು. ಇಪ್ಪತ್ತು ನಿಮಿಷ ಸಾಕು. ಅದು ಮಲಗುವ ಹಾಸಿಗೆಯಲ್ಲೇ ಇರಲಿ, ನಿಮ್ಮ ಕೈ ಅದರ ತಲೆಯ ಮೇಲಿರಲಿ, ಕೈಯೂ ಫೋಟೊದಲ್ಲಿ ಬರಲಿ.

ದಿನ ಗೊತ್ತು ಮಾಡುವಾಗ ಇನ್ನೊಂದು ದಿನವನ್ನೂ ಕಾದಿರಿಸಿ. ಕ್ಯಾಮೆರಾ ಎದುರು ನಾಯಿ ಮತ್ತೆ ಮತ್ತೆ ತುಟಿ ನೆಕ್ಕಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಬಾಲವನ್ನು ಕಾಲ ನಡುವೆ ಸಿಕ್ಕಿಸಿಕೊಂಡರೆ ಅದಕ್ಕೆ ಅಳುಕಾಗಿದೆ ಎಂದರ್ಥ. ಅಂದಿಗೆ ಅಲ್ಲಿಗೇ ನಿಲ್ಲಿಸಲು ಹೇಳಿ, ಮತ್ತು ಹಾಗೆ ನಿಲ್ಲಿಸಲು ಒಪ್ಪುವ ಫೋಟೊಗ್ರಾಫರನ್ನೇ ಮೊದಲು ಹುಡುಕಿ.