ಕಾಂಡ್ಲಾ ಉಳಿಸುತ್ತಿದ್ದವಳು ಸಿಗಡಿ ಕಂಪನಿ ಸೇರಿದ್ದು

ಉತ್ತರ ಕನ್ನಡದ ಅಘನಾಶಿನಿ ಹೊಳೆ ಕಡೆಯವರಿಗೆ ನಾನು ಮೊದಲು ಏನು ಮಾಡುತ್ತಿದ್ದೆ ಅಂತ ಗೊತ್ತು. ಕಾಂಡ್ಲಾ (ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡ ನೆಡಿಸುವುದು, ಗಜನಿಯಲ್ಲಿ, ಅಂದರೆ ಹೊಳೆ ಅಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಹೊಸದಾಗಿ ಸಿಗಡಿ ಕೆರೆ ತೋಡಿದರೆ ಫೋಟೊ ಹೊಡೆದು ಅರ್ಜಿ ಹಾಕುವುದು, ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ಕರೆದುಕೊಂಡು ಕುಮಟಾಕ್ಕೋ ಕಾರವಾರಕ್ಕೋ ಹೋಗಿ ಮನವಿ ಕೊಡುವುದು. ಈಗ ಸಿಗಡಿ ರಫ್ತು ಮಾಡುವ ಒಂದು ಕಂಪನಿಯಲ್ಲಿದ್ದೇನೆ. ಹುದ್ದೆಯ ಹೆಸರು ಮಾರುದ್ದ ಇದೆ, ಅದು ಬಿಡಿ. ಕೆಲಸ ಇಷ್ಟೇ: ಕಂಪನಿಗೆ ಸಿಗಡಿ ಕೊಡುವ ಕೆರೆಗಳು ಹೊಳೆ ಹಾಳು ಮಾಡದೆ, ಸಿಕ್ಕಿದ ಔಷಧಿ ಸುರಿಯದೆ, ಪ್ರಾಣಿಗೂ ಆದಷ್ಟು ಕಡಿಮೆ ಹಿಂಸೆ ಕೊಟ್ಟು ನಡೆಯುತ್ತಿವೆಯೇ ಅಂತ ನೋಡುವುದು. ನಡೆಯದಿದ್ದರೆ ಸರಿ ಮಾಡಿಸುವುದು. ಸರಿಯಾಗದಿದ್ದರೆ ಖರೀದಿ ಪಟ್ಟಿಯಿಂದ ತೆಗೆಸುವುದು.

"ಅಲ್ಲಿಂದ ಇಲ್ಲಿಗೆ ಹೇಗೆ ಹೋದೆ?" ಅಂತ ಕೆಲವರು ಕುಟುಕಲಿಕ್ಕೆ ಕೇಳುತ್ತಾರೆ. ಅವರಿಗೆ ನಾನು ಉತ್ತರ ಕೊಡುವುದಿಲ್ಲ. ಆದರೆ ಎನ್‌ಜಿಒಗಳಲ್ಲಿ ಇರುವ ಚಿಕ್ಕ ವಯಸ್ಸಿನವರು ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ ಕೇಳುತ್ತಾರೆ. ಇದು ಅವರಿಗೆ ಬರೆದದ್ದು.

ಕಾನೂನು ಇಲ್ಲ ಅನ್ನುವುದು ನನ್ನ ತಕರಾರು ಯಾವತ್ತೂ ಆಗಿರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಸಾಕಣೆ ಬಗ್ಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತ್ತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. 2009ರಲ್ಲಿ ವನಾಮಿ ಅನ್ನುವ ಹೊರದೇಶದ ತಳಿಯ ಸಿಗಡಿ ಸಾಕಲು ಅನುಮತಿ ಸಿಕ್ಕಿದಾಗ, ಕೊಳಕು ನೀರನ್ನು ಸಂಸ್ಕರಿಸಿ ಬಿಡುವ ಹೊಂಡ ಬೇಕೇ ಬೇಕು ಅನ್ನುವ ಷರತ್ತೂ ಜೊತೆಗೇ ಬಂತು. ಕಾಗದದಲ್ಲಿ ಎಲ್ಲ ಸಮ ಇದೆ. ಆದರೆ ಅಮಾವಾಸ್ಯೆ ರಾತ್ರಿ, ಇಳಿತದ ಹೊತ್ತಿಗೆ, ಬಾಂದಿನ ಜಂತ್ರಡಿ (ನೀರು ಬಿಡುವ ತೂಬು) ಹಲಗೆ ಎತ್ತಿ ಕೆರೆಯ ನೀರನ್ನೆಲ್ಲ ಹೊಳೆಗೆ ಬಿಟ್ಟರೆ ಯಾರು ನೋಡುತ್ತಾರೆ? 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ನಮಗೆಲ್ಲ ಖುಷಿ ಆಯಿತು. ಆ ಖುಷಿಯೂ ರಾತ್ರಿ ಎತ್ತುವ ಹಲಗೆಯನ್ನು ತಡೆಯುವುದಿಲ್ಲ.

ವರ್ಷಗಟ್ಟಲೆ ಅರ್ಜಿ ಬರೆದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಕೆರೆ ಮಾಡುವವರು ನೋಟಿಸಿಗೆ ಅಷ್ಟಾಗಿ ಹೆದರುವುದಿಲ್ಲ. ಸಿಗಡಿ ಹಿಡಿಯುವ ದಿನ ಖರೀದಿ ಗಾಡಿ ಬರಲಿಲ್ಲ ಅಂದರೆ ಹೆದರುತ್ತಾರೆ. ಆ ಗಾಡಿ ಕಳಿಸುವ ಕಂಪನಿ ಹೆದರುವುದು ಆಚೆ ದೇಶದ ಖರೀದಿದಾರನಿಗೆ. ಐರೋಪ್ಯ ಒಕ್ಕೂಟ 2016ರಲ್ಲಿ ಭಾರತದ ಸಾಕಿದ ಸಿಗಡಿಯ ತಪಾಸಣೆಯನ್ನು 100 ಸರಕಿಗೆ 10ರಿಂದ 50ಕ್ಕೆ ಏರಿಸಿತು. ನಿಷೇಧಿತ ಆಂಟಿಬಯೋಟಿಕ್ ಅಂಶ ಸಿಕ್ಕಿದರೆ ಇಡೀ ಕಂಟೇನರ್ ವಾಪಸ್. ಅಲ್ಲಿಯವರೆಗೆ "ಔಷಧಿ ಹಾಕಬೇಡಿ" ಅಂತ ನಾವು ಹಂಚಿದ ಕರಪತ್ರಗಳಿಂದ ಆಗದೇ ಇದ್ದದ್ದು, ಕಂಪನಿಯ ಖರೀದಿ ಮ್ಯಾನೇಜರ್ ಮಾಡಿದ ಒಂದು ಫೋನಿನಿಂದ ಆಗಿದ್ದನ್ನು ನಾನೇ ನೋಡಿದೆ. ಹೊಟ್ಟೆ ಉರಿಯಿತು ಅಂತಲೇ ಹೇಳಬೇಕು. ಹಾಗಾದರೆ ಆ ಫೋನಿನ ಹತ್ತಿರ ನಾನೇ ಯಾಕೆ ಇರಬಾರದು ಅನ್ನಿಸಿದ್ದು ಅಲ್ಲಿಂದ.

ಆದರೆ ಸುಮ್ನೆ ಹೋಗಿ ಕೆಲಸ ಕೇಳಿದರೆ ಯಾರೂ ಕೊಡುವುದಿಲ್ಲ. ನಮ್ಮಂಥವರ ಬಗ್ಗೆ ಕಂಪನಿಗಳಿಗೆ ಎರಡು ಸಂಶಯ. ಒಂದು, ಒಳಗಿನ ಮಾಹಿತಿ ಹೊರಗೆ ಹಾಕುತ್ತಾರೆ. ಇನ್ನೊಂದು, ಇವರಿಗೆ ಸಾಕಣೆಯೇ ಗೊತ್ತಿಲ್ಲ. ಎರಡನೆಯದು ಬಹುಪಾಲು ನಿಜ ಕೂಡ. ಸಿಗಡಿ ಕೆರೆಯಿಂದ ಏನೇನು ಹಾಳಾಗುತ್ತದೆ ಅಂತ ನಾನು ಅರ್ಧ ದಿನ ಮಾತಾಡಬಲ್ಲವಳಾಗಿದ್ದೆ. ಕೆರೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ಏನು ನೋಡಬೇಕು ಅಂತ ಯಾರಾದರೂ ಕೇಳಿದ್ದರೆ ಬಾಯಿಂದ ಮಾತು ಬರುತ್ತಿರಲಿಲ್ಲ.

ಅದಕ್ಕೇ ನಾನು ಮಾಡಿದ ಮೊದಲ ಕೆಲಸ, ಪರಿಚಯದ ಒಬ್ಬರ ಕೆರೆಯ ಮೇಲೆ ಒಂದು ಬೆಳೆ ಪೂರ್ತಿ ನಿಂತದ್ದು. ಮರಿ ಬಿಟ್ಟಲ್ಲಿಂದ ಹಿಡಿಯುವವರೆಗೆ ಮೂರೂವರೆ, ನಾಲ್ಕು ತಿಂಗಳು. ಯಾರಿಗಾದರೂ ಈ ದಾರಿಯಲ್ಲಿ ಹೋಗುವ ಮನಸ್ಸಿದ್ದರೆ ಕೋರ್ಸಿಗೆ ಹಣ ಕಟ್ಟುವ ಮೊದಲು ಇದನ್ನು ಮಾಡಿ. ಚೆಕ್ ಟ್ರೇ ಅಂತ ಇರುತ್ತದೆ. ಚೌಕಾಕಾರದ ಚೌಕಟ್ಟಿಗೆ ಬಲೆ ಕಟ್ಟಿದ ತಟ್ಟೆ. ಅದರಲ್ಲಿ ಅಳೆದ ಫೀಡ್ ಹಾಕಿ ಕೆರೆಯ ತಳಕ್ಕೆ ಇಳಿಸುತ್ತಾರೆ. ಎರಡು ಗಂಟೆ ಬಿಟ್ಟು ಎತ್ತಿದರೆ ಎಲ್ಲ ಕಥೆ ಅದರಲ್ಲೇ ಇದೆ. ಕಾಳು ಉಳಿದಿದ್ದರೆ ಮುಂದಿನ ಹೊತ್ತಿನ ಫೀಡ್ ಕಡಿಮೆ ಮಾಡಬೇಕು. ತಟ್ಟೆಯಲ್ಲಿ ಕುಳಿತ ಸಿಗಡಿಯನ್ನು ಬೆಳಕಿಗೆ ಹಿಡಿದರೆ ಬೆನ್ನಿನುದ್ದಕ್ಕೂ ಕರುಳಿನ ಗೆರೆ ಕಾಣುತ್ತದೆ. ತುಂಬಿದ್ದರೆ ಒಂದೇ ಸಮನೆ ಗಾಢ ಗೆರೆ. ಅಲ್ಲಲ್ಲಿ ತುಂಡಾಗಿದ್ದರೆ ಏನೋ ಆಗಿದೆ ಅಂತ ಅರ್ಥ. ಕಿವಿರು ಕಪ್ಪಾಗಿದ್ದರೆ ತಳದಲ್ಲಿ ಕೆಸರು ಜಾಸ್ತಿಯಾಗಿದೆ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ, ಯಾಕೆಂದರೆ ರಾತ್ರಿಯಿಡೀ ಸಿಗಡಿಯೂ ಪಾಚಿಯೂ ಉಸಿರಾಡಿ ಮುಗಿಸಿರುತ್ತವೆ. ಆ ಹೊತ್ತಿಗೆ ಕರೆಂಟು ಹೋಗಿ ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ನಿಂತರೆ ಜನರೇಟರ್ ಚಾಲೂ ಮಾಡಲು ಓಡುವ ಹುಡುಗನ ಮುಖ ನೋಡಬೇಕು ನೀವು.

ಈ ತಟ್ಟೆಯ ಮುಂದೆ ಕುಳಿತಾಗಲೇ ನನಗೆ ಹೊಳೆಯ ಲೆಕ್ಕವೂ ಕೆರೆಯ ಲೆಕ್ಕವೂ ಎಲ್ಲಿ ಕೂಡುತ್ತವೆ ಅಂತ ಹೊಳೆದದ್ದು. ಸಾಕುವವರ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡಿಗೇ ಹೋಗುತ್ತದೆ. ತಿನ್ನದೆ ಉಳಿದ ಫೀಡ್ ಕೊಳೆತು ಅಮೋನಿಯಾ ಆಗುತ್ತದೆ, ಕೆಸರಾಗುತ್ತದೆ, ಕೊನೆಗೆ ಹೊಳೆಗೆ ಬರುತ್ತದೆ. ಒಂದು ಕಿಲೋ ಸಿಗಡಿಗೆ ಒಂದೂವರೆ ಕಿಲೋ ಫೀಡ್ ತಗಲುವ ಕೆರೆಯನ್ನು 1.3ಕ್ಕೆ ಇಳಿಸಿದರೆ, ಟನ್ನಿಗೆ 200 ಕಿಲೋ ಫೀಡ್ ಉಳಿಯಿತು. ಇದನ್ನು ಹೇಳಿದರೆ ಮಾಲೀಕರು ಕುರ್ಚಿ ಎಳೆದು ಹತ್ತಿರ ಕೂತು ಕೇಳುತ್ತಾರೆ. ಅಳಿವೆಯ ಜೀವವೈವಿಧ್ಯ ಅಂತ ಶುರು ಮಾಡಿದರೆ ಚಾ ತರಿಸಿ ಕಳಿಸುತ್ತಾರೆ.

ಸಂದರ್ಶನಕ್ಕೆ ನಾನು ನನ್ನ ಹೋರಾಟದ ಫೈಲು ಒಯ್ಯಲಿಲ್ಲ. ಒಂದು ಪುಟ ಬರೆದು ಒಯ್ದೆ. ನಾನು ನಿಂತ ಕೆರೆಯಲ್ಲಿ ಫೀಡ್ ಎಲ್ಲಿ ಹಾಳಾಗುತ್ತಿತ್ತು, ನೀರು ಬಿಡುವ ಹೊಂಡ ಎಷ್ಟು ದೊಡ್ಡದಿರಬೇಕಿತ್ತು, ಅದಕ್ಕೆ ಎಷ್ಟು ಖರ್ಚು, ಅಷ್ಟೇ. ಇಪ್ಪತ್ತು ಪುಟದ ಮನವಿ ಬರೆದು ರೂಢಿಯಾದವರಿಗೆ ಒಂದು ಪುಟ ಬರೆಯುವುದು ಕಷ್ಟ. ಆದರೆ ಕಂಪನಿಯಲ್ಲಿ ಎರಡನೇ ಪುಟ ಯಾರೂ ಓದುವುದಿಲ್ಲ.

ಸೇರುವ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಂಡೆ. ನನ್ನ ಸಹಿ ಇಲ್ಲದೆ ಯಾವ ಕೆರೆಗೂ "ಪರಿಸರಸ್ನೇಹಿ" ಚೀಟಿ ಅಂಟಿಸುವಂತಿಲ್ಲ. ಮತ್ತೆ, ಕಂಪನಿಯ ಪರವಾಗಿ ಹಳೆಯ ಸಂಗಾತಿಗಳ ವಿರುದ್ಧ ನಾನು ಮಾತಾಡುವುದಿಲ್ಲ. ಎರಡನೆಯದಕ್ಕೆ ಅವರು ಕೂಡಲೇ ಒಪ್ಪಿದರು. ಮೊದಲನೆಯದಕ್ಕೆ ಚೌಕಾಶಿ ನಡೆಯಿತು.

ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟದ್ದು ಬಿಳಿ ಚುಕ್ಕೆ ರೋಗದ ವಿಷಯ. 1990ರ ದಶಕದ ಮಧ್ಯದಲ್ಲಿ ನಮ್ಮ ದೇಶದ ಸಿಗಡಿ ಸಾಕಣೆಯನ್ನು ಮಲಗಿಸಿದ ವೈರಸ್ ಅದು. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ಕೆರೆಗೆ ಬಂದರೆ ವಾರ, ಹತ್ತು ದಿನದಲ್ಲಿ ಕೆರೆ ಖಾಲಿ. ನಿಯಮ ಏನು ಹೇಳುತ್ತದೆ ಅಂದರೆ, ರೋಗ ಬಂದ ಕೂಡಲೇ ತಿಳಿಸಬೇಕು, ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೊರಗೆ ಬಿಡದೆ ಹಿಡಿದಿಡಬೇಕು. ಆಗುವುದೇನು ಅಂದರೆ, ಯಾರಿಗೂ ಹೇಳದೆ ಸಿಕ್ಕಷ್ಟು ಸಿಗಡಿ ಹಿಡಿದು ಮಾರಿ, ನೀರನ್ನು ರಾತ್ರೋರಾತ್ರಿ ಹೊಳೆಗೆ ಬಿಡುತ್ತಾರೆ. ಅದೇ ನೀರನ್ನು ಕೆಳಗಿನ ಕೆರೆಯವರು ಭರತದಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಹೊಳೆಯ ಏಡಿಗಳಲ್ಲೂ ವೈರಸ್ ಕುಳಿತುಕೊಳ್ಳುತ್ತದೆ.

ಯಾಕೆ ಹೇಳುವುದಿಲ್ಲ ಅಂತ ಮಿರ್ಜಾನ್ ಕಡೆಯ ಒಬ್ಬ ಹಿರಿಯರನ್ನು ಕೇಳಿದೆ. "ತಂಗಿ, ನೀ ಹೇಳೂದು ಸಮಾ ಅದೆ. ಆದ್ರೆ ರೋಗ ಬಂತು ಅಂತ ಬಾಯಿ ಬಿಟ್ರೆ ಗಾಡಿಯವ್ರು ಅರ್ಧ ರೇಟು ಹೇಳ್ತ್ರು. ನಾ ಯಾಕೆ ಬಾಯಿ ಬಿಡ್ಲಿ?"

ಇದಕ್ಕೆ ಭಾಷಣದಲ್ಲಿ ಉತ್ತರ ಇಲ್ಲ. ದುಡ್ಡಿನಲ್ಲೇ ಕೊಡಬೇಕು. ಹಾಗಾಗಿ ಕಂಪನಿಯ ಮುಂದೆ ಇಟ್ಟದ್ದು ಇಷ್ಟು: ರೋಗ ಕಂಡ ದಿನವೇ ಫೋನ್ ಮಾಡಿದವರಿಗೆ ಮೊದಲು ಗಾಡಿ, ಅವತ್ತಿನ ಕೌಂಟಿಗೆ (ಕಿಲೋಗೆ ಎಷ್ಟು ಸಿಗಡಿ ಅನ್ನುವ ಲೆಕ್ಕ) ಅವತ್ತಿನ ಮಾರುಕಟ್ಟೆ ದರ, ಕಡಿತ ಇಲ್ಲ. ಬ್ಲೀಚಿಂಗ್ ಪೌಡರ್ ಕಂಪನಿಯದು. ಆದರೆ ನೀರು ಹಿಡಿದಿಟ್ಟದ್ದನ್ನು ನಾವು ಬಂದು ನೋಡಿದ ಮೇಲೆಯೇ ಕೊನೆಯ ಕಂತಿನ ಹಣ. ಲೆಕ್ಕದ ವಿಭಾಗದವರು ತಲೆ ಕೆರೆದುಕೊಂಡರು. ಒಂದು ಹೊಳೆಯ ಮೇಲಿನ ಎಲ್ಲ ಕೆರೆಗೂ ರೋಗ ಹರಡಿದರೆ ಆ ಹಂಗಾಮಿಗೆ ಅಲ್ಲಿಂದ ಒಂದು ಗಾಡಿ ಮಾಲೂ ಬರುವುದಿಲ್ಲ ಅಂತ ತೋರಿಸಿದ ಮೇಲೆ ಒಪ್ಪಿದರು. ಮುಂದಿನ ಹಂಗಾಮಿನಲ್ಲಿ ಫೋನುಗಳು ಬರಲು ಶುರುವಾದವು. ಎಲ್ಲರೂ ಮಾಡುತ್ತಾರೆ ಅಂತ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ "ತಂಗಿ, ನಮ್ಮಲ್ಲಿ ಸಿಗಡಿ ದಡಕ್ಕೆ ಬರ್ತಾ ಅದೆ" ಅಂತ ತಾವಾಗಿ ಹೇಳುವವರು ಇದ್ದಾರೆ. ಮೊದಲಿದ್ದ ಕೆಲಸದಲ್ಲಿ ಅಂಥ ಫೋನ್ ನನಗೆ ಬಂದದ್ದಿಲ್ಲ.

ಕಷ್ಟದ ಭಾಗ ಕಾಂಡ್ಲಾ. ಹೊರದೇಶದ ಖರೀದಿದಾರರು ಕೇಳುವ, ಜವಾಬ್ದಾರಿಯಿಂದ ಸಾಕಿದ್ದಕ್ಕೆ ಕೊಡುವ ಎಎಸ್‌ಸಿ ಪ್ರಮಾಣಪತ್ರದ ನಿಯಮದಲ್ಲಿ ಒಂದು ಗೆರೆ ಇದೆ. 1999ರ ಮೇ ತಿಂಗಳ ನಂತರ ಕಾಂಡ್ಲಾ ಕಾಡು ಕಡಿದು ಮಾಡಿದ ಕೆರೆಗೆ ಪ್ರಮಾಣಪತ್ರ ಇಲ್ಲ. ನಮ್ಮ ಪಟ್ಟಿಯಲ್ಲಿ ಪರಿಚಯದವರ ಒಂದು ಕೆರೆ ಇತ್ತು. ಹಳೆಯ ಉಪಗ್ರಹ ಚಿತ್ರ ತೆಗೆದು ನೋಡಿದರೆ 2000ದ ನಂತರವೂ ಆ ಜಾಗ ಹಸಿರು. ಅದೇ ಕೆರೆಯ ಮೇಲೆ ನಾನು ಹಿಂದೆ ಅರ್ಜಿ ಕೂಡ ಹಾಕಿದ್ದೆ, ಏನೂ ಆಗಿರಲಿಲ್ಲ. ಈ ಸಲ ಪಟ್ಟಿಯಿಂದ ತೆಗೆಸಿದೆ. ಅವರ ಮನೆಗೆ ಹೋಗಿ ನಾನೇ ಹೇಳಿ ಬಂದೆ, ಬೇರೆಯವರಿಂದ ಗೊತ್ತಾಗುವುದು ಸರಿಯಲ್ಲ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೀ ಅರ್ಜಿ ಬರೀತಿದ್ದಾಗ್ಲೇ ಅಡ್ಡಿಲ್ಲಾಗಿತ್ತು. ಆಗ ಬರೀ ಕಾಗದ ಬರ್ತಿತ್ತು. ಈಗ ಗಾಡಿನೇ ಬರೂದಿಲ್ಲ." ಅವರ ಮನೆಯವರು ಈಗಲೂ ಮದುವೆ ಮನೆಯಲ್ಲಿ ಸಿಕ್ಕಿದರೆ ಮಾತಾಡಿಸುವುದಿಲ್ಲ. ಇಂಥದ್ದಕ್ಕೆ ತಯಾರಿರಬೇಕು. ಹಳೆಯ ಸಂಗಾತಿಗಳು ಬಿಟ್ಟು ಹೋಗುತ್ತಾರೆ ಅಂತ ಎಲ್ಲರೂ ಎಚ್ಚರಿಸಿದ್ದರು. ಊರಿನವರು ದೂರವಾಗುತ್ತಾರೆ ಅಂತ ಯಾರೂ ಹೇಳಿರಲಿಲ್ಲ.

ಪ್ರಾಣಿಹಿಂಸೆಯ ವಿಷಯ ಬಂದಾಗ ನಮ್ಮ ಕಡೆ ಜನ ನಗುತ್ತಾರೆ. ಶೆಟ್ಲಿಗೆ (ಸಿಗಡಿಗೆ) ಎಂಥ ನೋವು ಮಾರಾಯ್ತಿ ಅಂತ. ಆದರೆ ಮರಿ ಮಾಡಿಸುವ ಹ್ಯಾಚರಿಗಳಲ್ಲಿ ಹೆಣ್ಣು ಸಿಗಡಿಯ ಒಂದು ಕಣ್ಣಿನ ತೊಟ್ಟನ್ನು ಕತ್ತರಿಸುತ್ತಾರೆ. ಮೊಟ್ಟೆ ಬಲಿಯುವುದನ್ನು ತಡೆಯುವ ಹಾರ್ಮೋನ್ ಅಲ್ಲಿಂದ ಬರುತ್ತದೆ, ಅದನ್ನು ತೆಗೆದರೆ ಬೇಗ ಮೊಟ್ಟೆ ಇಡುತ್ತದೆ. ಮೊದಲ ಸಲ ನೋಡಿದಾಗ ನನಗೆ ಊಟ ಸೇರಲಿಲ್ಲ. ಬ್ರಿಟನ್ 2022ರಲ್ಲಿ ಏಡಿ, ಸಿಗಡಿಗಳನ್ನೂ ಸಂವೇದನೆ ಇರುವ ಜೀವಿಗಳು ಅಂತ ಕಾನೂನಿನಲ್ಲಿ ಸೇರಿಸಿದ ಮೇಲೆ ಅಲ್ಲಿಯ ಅಂಗಡಿಯವರು ಈ ಪ್ರಶ್ನೆ ಕೇಳುವುದು ಜಾಸ್ತಿಯಾಗಿದೆ. ಹಾಗಾಗಿ ಕಣ್ಣು ಕತ್ತರಿಸದೆ ಮಾಡಿದ ಮರಿಗಳನ್ನು ತರಿಸಿ, ಬೆಳವಣಿಗೆಯಲ್ಲಿ ವ್ಯತ್ಯಾಸ ಇದೆಯೇ ಅಂತ ಕೆಲವು ಕೆರೆಗಳಲ್ಲಿ ನೋಡುತ್ತಿದ್ದೇವೆ.

ಆಗದೇ ಇರುವುದನ್ನೂ ಹೇಳಬೇಕಲ್ವಾ. "ಈ ಹೊಳೆಗೆ ಇಷ್ಟು ಕೆರೆ ಸಾಕು, ಇನ್ನು ಬೇಡ" ಅಂತ ಕಂಪನಿಯೊಳಗಿದ್ದು ಹೇಳಿಸಲು ಬರುವುದಿಲ್ಲ. ಅದು ಹೊರಗಿದ್ದವರೇ ಮಾಡಬೇಕಾದ ಕೆಲಸ, ಅವರು ಮಾಡುತ್ತಲೂ ಇದ್ದಾರೆ, ಮಾಡಲಿ. ಫೀಡಿನಲ್ಲಿರುವ ಮೀನಿನ ಪುಡಿಯದೂ ಹಾಗೆಯೇ. ನಮ್ಮದೇ ಕಡಲಿನ ತಾರ್ಲೆ ಮತ್ತು ಸಣ್ಣ ಮೀನು ಪುಡಿಯಾಗಿ ಸಿಗಡಿಯ ಹೊಟ್ಟೆಗೆ ಹೋಗುತ್ತದೆ. ಸೋಯಾ ಜಾಸ್ತಿ ಇರುವ ಫೀಡ್ ಬಗ್ಗೆ ಮಾತು ನಡೆದಿದೆ, ಆದರೆ ದರದ ಮಾತು ಬಂದಲ್ಲಿಗೆ ನಿಲ್ಲುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಸುಂಕವನ್ನು 50 ಪ್ರತಿಶತಕ್ಕೆ ಏರಿಸಿದಾಗ ಮೊದಲು ಕತ್ತರಿ ಬಿದ್ದದ್ದು ನನ್ನ ವಿಭಾಗದ ಖರ್ಚಿಗೆ. ಬ್ಲೀಚಿಂಗ್ ಪೌಡರ್ ಉಳಿಸಿಕೊಂಡೆ, ನೀರು ಪರೀಕ್ಷೆಯ ಕಿಟ್ಟುಗಳು ಹೋದವು.

ಇನ್ನು ಕಗ್ಗ, ಉಪ್ಪುನೀರು ತಾಳುವ ನಮ್ಮ ಕಡೆಯ ಭತ್ತ. ಗಜನಿಯಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ. ಫೀಡ್ ಇಲ್ಲ, ಔಷಧಿ ಇಲ್ಲ, ಕೂಳೆ ಕೊಳೆತದ್ದೇ ಮೇವು. ಕಂಪನಿಯ ದೊಡ್ಡವರಿಗೆ ಮಾಣಿಕಟ್ಟಾ ಕಡೆ ತೋರಿಸಿಕೊಂಡು ಬಂದೆ. ಮೆಚ್ಚಿದರು, ಫೋಟೊ ತೆಗೆದರು, ಕಂಟೇನರ್ ತುಂಬುವುದಿಲ್ಲ ಅಂದರು. ನಿಜ, ತುಂಬುವುದಿಲ್ಲ. ಬೆಂಗಳೂರಿನ ಹೋಟೆಲುಗಳಿಗೆ ಸಣ್ಣ ಪ್ರಮಾಣದಲ್ಲಿ ಕೊಡಬಹುದೇ ಅಂತ ಈಗ ಬೇರೆ ದಾರಿ ಹುಡುಕುತ್ತಿದ್ದೇನೆ.

ಸಂಬಳ ಜಾಸ್ತಿ ಹೌದು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಇಂಥ ಕೆಲಸಕ್ಕೆ, ಅದು ಸಿಗಡಿಯಾಗಲಿ, ಹಾಲಾಗಲಿ, ಕೋಳಿಯಾಗಲಿ, ಹೋಗುವವರು ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಇವನ್ನು ಕೇಳಿ: ನನ್ನ ವಿಭಾಗ ಯಾರ ಕೆಳಗೆ ಬರುತ್ತದೆ, ಖರೀದಿ ವಿಭಾಗದ ಕೆಳಗೋ ಪ್ರಚಾರ ವಿಭಾಗದ ಕೆಳಗೋ? ನಾನು ಬೇಡ ಅಂದ ಕೆರೆಯಿಂದ, ಬೇಡ ಅಂದ ಕೊಟ್ಟಿಗೆಯಿಂದ ಮಾಲು ಬರುವುದು ನಿಲ್ಲುತ್ತದೆಯೋ ಇಲ್ಲವೋ? ಹಿಂದೆ ಹಾಗೆ ನಿಲ್ಲಿಸಿದ ಒಂದು ಉದಾಹರಣೆ ಕೊಡಿ ಅನ್ನಿ. ಪ್ರಚಾರ ವಿಭಾಗ ಅಂದರೆ ಚಾ ಕುಡಿದು ಎದ್ದು ಬನ್ನಿ. ಉದಾಹರಣೆ ಕೊಡದೆ ಮಾತು ತಿರುಗಿಸಿದರೂ ಅಷ್ಟೇ.