ಪೀಣ್ಯದ ಮೆಷಿನ್ ಶಾಪಿನಲ್ಲಿ ಜಾಬ್ ವರ್ಕ್ ಲೆಕ್ಕವನ್ನು ಇಆರ್‌ಪಿಗೆ ತಂದ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಮೆಷಿನ್ ಶಾಪ್ ನಡೆಸುವವರಿಗೆ ಗೊತ್ತು, ನಮ್ಮ ಮಾಲು ಶೆಡ್ಡಿನ ಒಳಗೆ ಇರುವುದಕ್ಕಿಂತ ಹೊರಗೆ ಇರುವುದೇ ಜಾಸ್ತಿ. ಟರ್ನಿಂಗ್ ನಮ್ಮಲ್ಲಿ. ಹೀಟ್ ಟ್ರೀಟ್‌ಮೆಂಟ್ ಹೊಸೂರಿನಲ್ಲಿ. ಗ್ರೈಂಡಿಂಗ್ ಪಕ್ಕದ ಕ್ರಾಸಿನಲ್ಲಿ. ಜಿಂಕ್ ಪ್ಲೇಟಿಂಗ್ ಇನ್ನೊಬ್ಬರ ಹತ್ತಿರ. ಹೀಗೆ ನಮ್ಮ ಮಾಲನ್ನು ಹೊರಗೆ ಕೊಟ್ಟು ಕೂಲಿಗೆ ಮಾಡಿಸುವುದೇ ಜಾಬ್ ವರ್ಕ್, ಮಾಡಿಕೊಡುವವರು ಜಾಬ್ ವರ್ಕರ್. ಕಸ್ಟಮರ್ ಫೋನ್ ಮಾಡಿ "ನಮ್ಮ ಬುಷ್ ಎಲ್ಲಿಗೆ ಬಂತು" (ಬುಷ್ ಎಂದರೆ ಕೊಳವೆಯಂಥ ಲೋಹದ ಬಿಡಿಭಾಗ) ಅಂದರೆ ಸ್ಟೋರ್ಸಿನ ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಪುಸ್ತಕ, ಸೂಪರ್‌ವೈಸರ್ ಇಟ್ಟ ಎಕ್ಸೆಲ್, ಆಫೀಸಿನ ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿ, ಮೂರನ್ನೂ ತಿರುವಿ ನೋಡಬೇಕಿತ್ತು. ಮೂರರಲ್ಲೂ ಮೂರು ಲೆಕ್ಕ.

ಇದನ್ನು ಸರಿಮಾಡಲು ಇಆರ್‌ಪಿ, ಅಂದರೆ ಸ್ಟಾಕ್, ಖರೀದಿ, ಬಿಲ್ ಎಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಬೇಕಿತ್ತು; ನಾನು ಇಆರ್‌ಪಿನೆಕ್ಸ್ಟ್ ಆರಿಸಿಕೊಂಡೆ. ಮುಂಬೈಯ ಫ್ರಾಪೆ ಕಂಪನಿಯದು, ಓಪನ್ ಸೋರ್ಸ್. ನಮ್ಮಂಥ ಸಣ್ಣ ಶಾಪಿಗೆ ಲೈಸೆನ್ಸ್ ದುಡ್ಡು ಇಲ್ಲ ಅನ್ನೋದು ದೊಡ್ಡ ಮಾತು. ಜಾಬ್ ವರ್ಕಿಗೆ ಅದರಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ ಅನ್ನೋದು ನನಗೆ ಇನ್ನೂ ದೊಡ್ಡ ಕಾರಣ.

ಮೊದಲು ಕೂತಿದ್ದು ಐಟಂ ಪಟ್ಟಿಯ ಮೇಲೆ. ಒಂದೇ ಬುಷ್‌ಗೆ ಕಸ್ಟಮರ್ ಪಿಒದಲ್ಲಿ (ಖರೀದಿ ಆರ್ಡರಿನಲ್ಲಿ) ಒಂದು ಪಾರ್ಟ್ ನಂಬರ್. ಶಾಪಿನಲ್ಲಿ ಅದು "ಉದ್ದ ಬುಷ್". ಟ್ಯಾಲಿಯಲ್ಲಿ "ಇಎನ್8 ಬುಷ್". ಪ್ಲೇಟಿಂಗ್‌ನವರ ಬಿಲ್ಲಿನಲ್ಲಿ ಬರೀ "ಎಂಎಸ್ ಪಾರ್ಟ್ಸ್". ಕಸ್ಟಮರ್ ಕೊಟ್ಟ ಪಾರ್ಟ್ ನಂಬರ್, ಜೊತೆಗೆ ಡ್ರಾಯಿಂಗಿನ ರಿವಿಷನ್ (ಎಷ್ಟನೇ ಸಲ ತಿದ್ದಿದ್ದು ಎಂಬ ಗುರುತು), ಇವೆರಡು ಸೇರಿದ್ದೇ ಐಟಂ ಕೋಡ್ ಎಂದು ಗಟ್ಟಿ ಮಾಡಿದೆ. ಹುಡುಗರು ಕರೆಯುವ ಹೆಸರನ್ನು ಐಟಂ ನೇಮ್ ಜಾಗದಲ್ಲಿ ಹಾಕಿದೆ. "ಉದ್ದ ಬುಷ್" ಎಂದು ಟೈಪ್ ಮಾಡಿದರೂ ಸಿಗಬೇಕು, ಅಲ್ವಾ? ಪ್ಲೇಟಿಂಗ್ ಆಗದ ಬುಷ್‌ಗೆ ಒಂದು ಕೋಡ್, ಆದದ್ದಕ್ಕೆ ಇನ್ನೊಂದು. ಕೋಡ್ ಜಾಸ್ತಿ ಆಯಿತು ಎಂದು ಆಫೀಸಿನಲ್ಲಿ ಗೊಣಗಿದರು. ಆದರೆ ಎರಡಕ್ಕೂ ಒಂದೇ ಕೋಡ್ ಇದ್ದರೆ ಯಾವುದು ಹೋಗಬೇಕು, ಯಾವುದು ಬಂದಿದೆ ಅನ್ನೋದು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ. ಈ ಕೆಲಸವನ್ನು ಹೊರಗಿನ ಕನ್ಸಲ್ಟೆಂಟ್‌ಗೆ ಕೊಡಬೇಡಿ. ಮಾಲನ್ನು ಕೈಯಲ್ಲಿ ಹಿಡಿದವರೇ ಮಾಡಬೇಕು.

ಪ್ರತಿ ಜಾಬ್ ವರ್ಕರ್‌ಗೂ ಸಿಸ್ಟಂನಲ್ಲಿ ಒಂದು ಗೋಡೌನ್ ತೆರೆದೆ. ಮಾಲು ಗೇಟು ದಾಟಿದರೆ ನಮ್ಮ ಸ್ಟಾಕಿನಿಂದ ಅವರ ಗೋಡೌನಿಗೆ ಹೋಗುತ್ತದೆ. ಲೆಕ್ಕದಲ್ಲಿ ಅದು ಈಗಲೂ ನಮ್ಮದೇ. ಕಸ್ಟಮರ್ ಫೋನಿಗೆ ಉತ್ತರ ಈಗ ಒಂದೇ ಸ್ಕ್ರೀನಿನಲ್ಲಿದೆ.

ನಿಜವಾದ ಕಗ್ಗಂಟು ಪ್ಲೇಟಿಂಗ್. ನಾವು ಕಳಿಸುವುದು ಎಣಿಕೆಯಲ್ಲಿ. ಅವರು ಬಿಲ್ ಮಾಡುವುದು ಕೆಜಿಯಲ್ಲಿ. "ನಮ್ಮಲ್ಲಿ ಕೂತು ಎಣಿಸೋಕೆ ಯಾರಿದ್ದಾರೆ ಸಾರ್, ತೂಕ ಹಾಕ್ತೀವಿ, ಕಳಿಸ್ತೀವಿ" ಎಂದರು ಅಲ್ಲಿನ ಯಜಮಾನರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬ್ಯಾರಲ್ಲಿಗೆ ಸುರಿಯುವ ಸಣ್ಣ ಪಾರ್ಟನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿ ಸ್ಟಾಕ್ ಯಾವಾಗಲೂ ಎಣಿಕೆಯಲ್ಲೇ ಇರಲಿ, ಕೂಲಿ ಮಾತ್ರ ಕೆಜಿಯಲ್ಲಿ ಇರಲಿ ಎಂದು ಬೇರೆ ಮಾಡಿದೆ. ಇಆರ್‌ಪಿನೆಕ್ಸ್ಟ್‌ನ ಜಾಬ್ ವರ್ಕ್ ಪಿಒದಲ್ಲಿ ಕೂಲಿಯ ಪ್ರಮಾಣಕ್ಕೂ ತಯಾರಾಗಿ ಬರುವ ಮಾಲಿನ ಪ್ರಮಾಣಕ್ಕೂ ಎರಡು ಬೇರೆ ಕಾಲಂ ಇವೆ, ಅದರಿಂದ ಇದು ಸಲೀಸಾಯಿತು. ಮಾಲು ಹೊರಡುವಾಗ ನೂರು ಪೀಸ್ ಎಣಿಸಿ ತೂಗಿ, ಒಂದರ ತೂಕ ಎಷ್ಟು ಎಂದು ಚಲನ್ ಮೇಲೇ ಬರೆಯುತ್ತೇವೆ. ವಾಪಸ್ ಬಂದಾಗ ಪೂರ್ತಿ ಲಾಟ್ ತೂಗಿ ಭಾಗಿಸಿದರೆ ಎಣಿಕೆ ಸಿಗುತ್ತದೆ. ಜಿಂಕ್ ಪದರ ಕೆಲವು ಮೈಕ್ರಾನ್ ಅಷ್ಟೇ, ದಪ್ಪ ಪಾರ್ಟಿಗೆ ತೂಕದಲ್ಲಿ ಗೊತ್ತೇ ಆಗುವುದಿಲ್ಲ. ವಾಷರಿನಂಥ ತೆಳುವಾದದ್ದಕ್ಕೆ ಮಾತ್ರ ಪ್ಲೇಟಿಂಗ್ ಆದ ಮೇಲೆ ಇನ್ನೊಮ್ಮೆ ಸ್ಯಾಂಪಲ್ ತೂಗುತ್ತೇವೆ. ಎಷ್ಟರವರೆಗೆ ವ್ಯತ್ಯಾಸ ಒಪ್ಪಬಹುದು ಅನ್ನೋದನ್ನು ಅವರ ಜೊತೆ ಕೂತು ಮಾತಾಡಿ ಬರೆದಿಟ್ಟುಕೊಂಡೆವು. ಅದಾದ ಮೇಲೆ ತಿಂಗಳ ಕೊನೆಯ ಜಗಳ ನಿಂತಿತು.

ಸರ್ಕಾರದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಜಾಬ್ ವರ್ಕಿಗೆ ಹೋದ ಕಚ್ಚಾ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಎಂದು ಜಿಎಸ್‌ಟಿ ಕಾನೂನು ಹಿಡಿಯುತ್ತದೆ. ಇನ್ನು ಹೊಸೂರು ಹತ್ತಿರದಲ್ಲೇ ಇದ್ದರೂ ಅದು ತಮಿಳುನಾಡು. ಬೇರೆ ರಾಜ್ಯದ ಜಾಬ್ ವರ್ಕರ್‌ಗೆ ಕಳಿಸುವಾಗ ಮಾಲಿನ ಬೆಲೆ 50,000 ರೂಪಾಯಿ ದಾಟದಿದ್ದರೂ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಪತ್ರ) ಬೇಕೇ ಬೇಕು. ಜಾಬ್ ವರ್ಕರ್ ವಿಳಾಸದ ರಾಜ್ಯ ಕರ್ನಾಟಕ ಅಲ್ಲ ಎಂದಾದರೆ, ಇ-ವೇ ನಂಬರ್ ಹಾಕದೆ ಚಲನ್ ಪ್ರಿಂಟ್ ಆಗದ ಹಾಗೆ ಒಂದು ತಡೆ ಬರೆದೆ. ಬಾಕಿ ಇರುವ ಚಲನ್‌ಗಳ ಪಟ್ಟಿ, ಹಳೆಯದು ಮೇಲೆ ಬರುವ ಹಾಗೆ, ಪ್ರತಿ ಸೋಮವಾರ ಸ್ಟೋರ್ಸಿಗೂ ನನಗೂ ಮೇಲ್ ಬರುತ್ತದೆ. ಐಟಿಸಿ-04 (ಜಾಬ್ ವರ್ಕಿಗೆ ಹೋದ, ಬಂದ ಮಾಲಿನ ಜಿಎಸ್‌ಟಿ ಫಾರ್ಮ್) ತುಂಬುವಾಗ ಆಡಿಟರ್‌ಗೆ ಕೊಡುವುದೂ ಇದೇ ಲೆಕ್ಕ.

ವರ್ಕ್‌ಫ್ಲೋ ಚಿಕ್ಕದಾಗಿ ಇಟ್ಟೆ. ಇನ್‌ವಾರ್ಡ್ ಎಂಟ್ರಿ, ಅಂದರೆ ಒಳಗೆ ಬಂದ ಮಾಲಿನ ದಾಖಲೆ, ಸ್ಟೋರ್ಸಿನವರದು. ಇನ್‌ಸ್ಪೆಕ್ಷನ್‌ನವರು ಓಕೆ ಕೊಡದೆ ಅದು ಸಬ್ಮಿಟ್ ಆಗುವುದಿಲ್ಲ. ರಿಜೆಕ್ಟ್ ಆದದ್ದು ಬೇರೆ ಗೋಡೌನಿಗೆ ಹೋಗುತ್ತದೆ. ಅಷ್ಟೇ. ಒಮ್ಮೆ ಸಬ್ಮಿಟ್ ಆದದ್ದನ್ನು ಸುಮ್ನೆ ತಿದ್ದಲು ಬರುವುದಿಲ್ಲ, ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು. "ಪುಸ್ತಕದಲ್ಲಾದ್ರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೀತಿದ್ದೆ ಸಾರ್" ಎಂದು ಸ್ಟೋರ್ಸಿನ ಅಣ್ಣ ಬೇಜಾರು ಮಾಡಿಕೊಂಡರು. ಅಮೆಂಡ್ ಮಾಡಿದರೆ ಹಳೆ ನಂಬರಿನ ಕೊನೆಗೆ -1 ಸೇರಿ ಹೊಸದು ಬರುತ್ತದೆ, ಹಳೆಯದೂ ಉಳಿಯುತ್ತದೆ ಎಂದು ತೋರಿಸಿದೆ. "ಇದೂ ಗೆರೆ ಹೊಡೆದ ಹಾಗೇ" ಎಂದು ಒಪ್ಪಿಕೊಂಡರು.

ಟ್ಯಾಲಿಯನ್ನು ತೆಗೆಯಲಿಲ್ಲ. ಅಕೌಂಟ್ಸ್‌ನವರ ಕೈ ಅದರಲ್ಲಿ ಪಳಗಿದೆ, ಆಡಿಟರ್ ಕೇಳುವುದೂ ಅದನ್ನೇ. ಬಿಲ್ ಇಆರ್‌ಪಿನೆಕ್ಸ್ಟ್‌ನಲ್ಲಿ ಹುಟ್ಟುತ್ತದೆ. ದುಡ್ಡು ಬಂದದ್ದು, ಹೋದದ್ದು ಟ್ಯಾಲಿಯಲ್ಲಿ ಬೀಳುತ್ತದೆ. ಬಿಲ್ ಮಾತ್ರ ಅತ್ತ ಹೋಗುತ್ತದೆ, ಅತ್ತಲಿಂದ ಏನೂ ಇತ್ತ ಬರುವುದಿಲ್ಲ. ಎರಡೂ ಕಡೆಯಿಂದ ಡೇಟಾ ಓಡಾಡಿದರೆ ಯಾವುದು ಸರಿ ಎಂದು ತೀರ್ಮಾನಿಸುವುದಕ್ಕೇ ಒಬ್ಬರನ್ನು ಕೂರಿಸಬೇಕಾಗುತ್ತದೆ. ಟ್ಯಾಲಿ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಡೇಟಾ ಬರೆಯುವ ರೀತಿ) ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ 9000 ಪೋರ್ಟಿನಲ್ಲಿ. ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ರಾತ್ರಿ ಆ ದಿನದ ಬಿಲ್‌ಗಳನ್ನು ಕಳಿಸುತ್ತದೆ. ಟ್ಯಾಲಿ ಎಷ್ಟು ವೋಚರ್ (ಲೆಕ್ಕದ ಎಂಟ್ರಿ) ಆಯಿತು, ಎಷ್ಟು ಎರರ್ ಎಂದು ಉತ್ತರ ಕೊಡುತ್ತದೆ. ಆಯಿತು ಎಂದು ಉತ್ತರ ಬಂದದ್ದಕ್ಕೆ ಮಾತ್ರ ಟಿಕ್. ಪಾರ್ಟಿ ಹೆಸರು ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು, ಇಲ್ಲದಿದ್ದರೆ ಲೆಡ್ಜರ್ (ಖಾತೆ) ಇಲ್ಲ ಎನ್ನುತ್ತದೆ. ಹೆಸರಿನ ಮಧ್ಯೆ ಆಂಪರ್‌ಸ್ಯಾಂಡ್ (&) ಚಿಹ್ನೆ ಇದ್ದರೆ ಎಕ್ಸ್‌ಎಂಎಲ್ ಮುರಿಯುತ್ತದೆ, ಅದನ್ನು ಬದಲಿಸಿ ಕಳಿಸಬೇಕು. ಪೈಸೆಗಳಿಗೆ ರೌಂಡ್ ಆಫ್ ಲೆಡ್ಜರ್ ಸೇರಿಸಲೇಬೇಕು.

ಶುರು ಮಾಡುವವರು ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ನಾನು ಮೊದಲು ಪ್ಲೇಟಿಂಗ್ ಒಂದನ್ನೇ ತಂದೆ. ಅದರ ಲೆಕ್ಕ ಚಲನ್ ಪುಸ್ತಕಕ್ಕೆ ತಾಳೆಯಾದ ಮೇಲೆ ಗ್ರೈಂಡಿಂಗ್, ಆಮೇಲೆ ಹೊಸೂರು. ಕಸ್ಟಮರ್ ಕಳಿಸುವ ಶೆಡ್ಯೂಲ್ ಈಗಲೂ ಎಕ್ಸೆಲ್‌ನಲ್ಲೇ ಬರುತ್ತದೆ. ಒಬ್ಬೊಬ್ಬರ ಕಾಲಂ ಒಂದೊಂದು ಥರ. ಅದನ್ನು ಸೂಪರ್‌ವೈಸರ್ ಕಣ್ಣಿಂದ ನೋಡಿಯೇ ಸಿಸ್ಟಂಗೆ ಹಾಕುತ್ತಾರೆ. ಅಲ್ಲಿ ಆಟೊಮೇಷನ್ ಬೇಡ ಎಂದು ನಾನೇ ಬಿಟ್ಟಿದ್ದೇನೆ, ಯಾಕೆಂದರೆ ರಿವಿಷನ್ ಬದಲಾದದ್ದು ಮೊದಲು ಕಾಣುವುದು ಆ ಹಾಳೆಯಲ್ಲೇ.