ವಿಜರ್ಡ್ರಿ: ಪೆನ್ಸಿಲ್ ಹಿಡಿದು ಇಳಿದ ನೆಲಮಾಳಿಗೆ

1981ರಲ್ಲಿ ಆಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆಪಲ್ 2 ಕಂಪ್ಯೂಟರಿಗಾಗಿ ಬರೆದ ವಿಜರ್ಡ್ರಿ ಎಂಬ ಆಟಕ್ಕೆ ಸಿದ್ಧ ನಕ್ಷೆಗಳು ಈಗ ಬೇಕಾದಷ್ಟು ಸಿಗುತ್ತವೆ. ಅವುಗಳ ಗೊಡವೆಗೆ ಹೋಗದೆ, ಗ್ರಾಫ್ ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಂಡು ಅದೇ ಹಳೆಯ ರೂಪವನ್ನೇ ಆಡಿದೆ. ಇದರಲ್ಲಿ ಹಟವೇನೂ ಇಲ್ಲ. ಪರದೆಯಲ್ಲಿ ಕಾಣುವುದು ನಾಲ್ಕು ಗೆರೆಗಳ ಓಣಿ. ಕಥೆಯೆಂದರೆ ವೆರ್ಡ್ನಾ ಎಂಬ ಮಾಂತ್ರಿಕನಿಂದ ತಾಯತವೊಂದನ್ನು ಕಿತ್ತುಕೊಂಡು ಬರುವುದು, ಅಷ್ಟೇ. ಇಂಥ ಆಟದಲ್ಲಿ ನಕ್ಷೆಯನ್ನೂ ಬೇರೆಯವರಿಂದ ಪಡೆದರೆ ಆಡಲು ಉಳಿಯುವುದು ಗುದ್ದಾಟ ಮಾತ್ರ.

ನೆಲಮಾಳಿಗೆಗೆ ಹತ್ತು ಅಂತಸ್ತುಗಳಿವೆ, ಪ್ರತಿಯೊಂದೂ 20×20 ಚೌಕ. ಮೊದಲ ಅಂತಸ್ತಿನಲ್ಲಿ ಕೋಟೆಗೆ ಹತ್ತುವ ಮೆಟ್ಟಿಲು ನೈಋತ್ಯ ಮೂಲೆಯಲ್ಲಿದೆ. ಹಾಳೆಯ ಕೆಳಗಿನ ಎಡ ಮೂಲೆಗೆ ಸೊನ್ನೆ-ಸೊನ್ನೆ ಎಂದು ಬರೆದು, ಪೂರ್ವಕ್ಕೂ ಉತ್ತರಕ್ಕೂ 19ರವರೆಗೆ ಅಂಕಿ ಹಾಕಿಕೊಂಡೆ. ನಾಲ್ಕೂ ಬದಿಯಲ್ಲಿ ಒಂದಿಷ್ಟು ಜಾಗ ಬಿಟ್ಟಿದ್ದು ಕಾರಣವಿಲ್ಲದೆ ಅಲ್ಲ: ಅಂಚಿನಲ್ಲಿ ಗೋಡೆಯಿಲ್ಲದ ಕಡೆ ಮುಂದೆ ಹೆಜ್ಜೆಯಿಟ್ಟರೆ ಅದೇ ಅಂತಸ್ತಿನ ಎದುರು ಅಂಚಿನಲ್ಲಿ ಹೊರಬರುತ್ತೀರಿ. ಗೋಡೆಯನ್ನು ಯಾವ ಬದಿಯಿಂದ ಕಂಡೆನೋ ಆ ಬದಿಯಲ್ಲಿ ಮಾತ್ರ ಗೆರೆ ಎಳೆಯುತ್ತಿದ್ದೆ. ಒಂದು ಕಡೆಯಿಂದ ಬಾಗಿಲಾಗಿರುವುದು ಇನ್ನೊಂದು ಕಡೆಯಿಂದ ಬರಿಯ ಗೋಡೆಯಾಗಿರುವುದು ಇಲ್ಲಿ ಮಾಮೂಲು. ಅಂಥ ಕಡೆ ಒಂದು ಬಾಣ ಹಾಕಿದರೆ ಸಾಕು.

ನಿಜವಾದ ಕಾಟ ಕಾಣದ ಚೌಕಗಳದ್ದು. ತಿರುಗಣಿ ಚೌಕಕ್ಕೆ ಕಾಲಿಟ್ಟರೆ ನಾವು ನಡೆಸುವ ಪಾತ್ರಗಳ ತಂಡದ ಮುಖ ಯಾವುದೋ ದಿಕ್ಕಿಗೆ ತಿರುಗಿಬಿಡುತ್ತದೆ. ಟೆಲಿಪೋರ್ಟರ್ ಚೌಕ ನಿಮ್ಮನ್ನು ಎತ್ತಿ ಬೇರೆಲ್ಲೋ ಇಡುತ್ತದೆ. ಎರಡರ ಬಗ್ಗೆಯೂ ಆಟ ತುಟಿ ಬಿಚ್ಚುವುದಿಲ್ಲ. ಹಾಳೆಯ ಮೇಲೆ ಹೊಸ ಓಣಿ ಹಳೆಯ ಕೋಣೆಯ ನಡುವೆಯೇ ಹಾದುಹೋಗತೊಡಗಿದರೆ ಏನೋ ನಡೆದಿದೆ ಎಂದರ್ಥ. ಆಗ ಪೆನ್ಸಿಲ್ ಕೆಳಗಿಟ್ಟು ಡುಮಾಪಿಕ್ ಮಂತ್ರ ಹೇಳಬೇಕು. ಮೆಟ್ಟಿಲಿನಿಂದ ಎಷ್ಟು ಚೌಕ ಪೂರ್ವಕ್ಕೆ, ಎಷ್ಟು ಉತ್ತರಕ್ಕೆ, ಎಷ್ಟು ಕೆಳಗೆ ಇದ್ದೀರಿ, ಮುಖ ಯಾವ ಕಡೆಗಿದೆ ಎಂಬುದೆಲ್ಲ ತಿಳಿಯುತ್ತದೆ. ಮುಖ ಮಾತ್ರ ತಪ್ಪಿದ್ದರೆ ತಿರುಗಣಿ, ಅಂಕಿಯೇ ತಪ್ಪಿದ್ದರೆ ಟೆಲಿಪೋರ್ಟರ್. ತೊಡಕೆಂದರೆ, ಶತ್ರುಗಳನ್ನು ನಿದ್ದೆಗೆ ಕೆಡವುವ ಕಟಿನೋ ಕೂಡ ಡುಮಾಪಿಕ್‌ನ ಹಾಗೆ ಮೊದಲ ಮಟ್ಟದ ಮಂತ್ರವೇ. ಎರಡರ ಖರ್ಚೂ ಒಂದೇ ಗಂಟಿನಿಂದ. ಒಂದು ಸಲ ದಾರಿ ಕೇಳಿದರೆ ಒಂದು ಕಾದಾಟಕ್ಕೆ ರಕ್ಷಣೆ ಕಡಿಮೆ. ಕೊನೆಯ ಡುಮಾಪಿಕ್ ಉಳಿದಿರುವಾಗಲೇ ಕೋಟೆಯತ್ತ ಹೊರಡುವುದನ್ನು ನಿಯಮ ಮಾಡಿಕೊಂಡೆ. ಮೇಲೆ ಹೋದರೆ ಛತ್ರದ ಲಾಯದಲ್ಲಿ ಕಾಸಿಲ್ಲದೆ ಮಲಗಬಹುದು. ಗಾಯ ಮಾಯುವುದಿಲ್ಲ, ಆದರೆ ಮಂತ್ರಗಳು ಮರಳುತ್ತವೆ; ಆ ಮಂತ್ರಗಳಿಂದಲೇ ಗಾಯ ಮಾಯಿಸಿಕೊಂಡು ಮತ್ತೆ ಲಾಯಕ್ಕೇ ಹೋಗುವುದು. ಜಿಪುಣರಿಗೆ ಹೇಳಿ ಮಾಡಿಸಿದ ಏರ್ಪಾಡು.

ಮೊದಲ ಅಂತಸ್ತಿನಲ್ಲೇ ಕತ್ತಲ ಪ್ರದೇಶವೊಂದಿದೆ. ಅಲ್ಲಿ ಮಿಲ್ವಾ ಮಂತ್ರದ ಬೆಳಕೂ ಆರಿಹೋಗುತ್ತದೆ, ಪರದೆ ಪೂರ್ತಿ ಕಪ್ಪು. ಮುಂದಕ್ಕೆ ಹೋಗಲು ಕೀಲಿ ಒತ್ತಿದಾಗ ಗೋಡೆಯಿದ್ದರೆ 'ಔಚ್' ಎಂಬ ಪದ ಮೂಡುತ್ತದೆ, ಇಲ್ಲದಿದ್ದರೆ ಏನೂ ಇಲ್ಲ. ಈ ಒಂದು ಪದವನ್ನು ನೆಚ್ಚಿಕೊಂಡೇ ಅಲ್ಲಿನ ಗೋಡೆಗಳನ್ನೆಲ್ಲ ಬರೆದೆ: ಎಡಕ್ಕೆ ತಿರುಗಿ ಒತ್ತು, ಔಚ್, ಗೆರೆ ಎಳೆ, ಬಲಕ್ಕೆ ತಿರುಗಿ ಒತ್ತು, ಸದ್ದಿಲ್ಲ, ಅಂದರೆ ಒಂದು ಚೌಕ ಸರಿದಾಯಿತು, ಹಿಂತಿರುಗಿ ಮತ್ತೊಂದು ದಿಕ್ಕು ನೋಡು. ಇಷ್ಟು ನಿಧಾನದ ಕೆಲಸ ಯಾವ ಆಟದಲ್ಲೂ ಮಾಡಿಲ್ಲ, ಇಷ್ಟು ಖುಷಿಯಾಗಿಯೂ ಮಾಡಿಲ್ಲ.

ಕಾದಾಟ ಗೆದ್ದಾಗ ಸಿಗುವ ಪೆಟ್ಟಿಗೆಗಳ ವಿಷಯದಲ್ಲೂ ಇದೇ ಶಿಸ್ತು ಬೇಕು. ಪೆಟ್ಟಿಗೆಗೆ ಒಡ್ಡಿದ ಬೋನು ಯಾವುದೆಂದು ತಂಡದ ಕಳ್ಳ ಹೇಳಿದ ಮೇಲೆ ಅದರ ಹೆಸರನ್ನು ಅಕ್ಷರಶಃ ನಾವೇ ಟೈಪ್ ಮಾಡಬೇಕು. ಹಾಗಾಗಿ ನಕ್ಷೆಯ ಹಿಂಬದಿಯಲ್ಲಿ ಬೋನುಗಳ ಪಟ್ಟಿ ಬರೆದಿಟ್ಟುಕೊಂಡಿದ್ದೆ. ವಿಷಸೂಜಿಯೂ ಅನಿಲ ಬಾಂಬೂ ಇರಲಿ, ನಕ್ಷೆ ಬರೆಯುವವರಿಗೆ ನಡುಕ ಹುಟ್ಟಿಸುವುದು ಟೆಲಿಪೋರ್ಟರ್ ಬೋನು. ಕಳ್ಳನ ಮಾತಿನಲ್ಲಿ ಅನುಮಾನ ಬಂದರೆ ತಂಡದ ಪ್ರೀಸ್ಟ್‌ನಿಂದ ಬೋನು ಗುರುತಿಸುವ ಕಾಲ್ಫೋ ಮಂತ್ರ ಹೇಳಿಸಿ ಖಚಿತಪಡಿಸಿಕೊಳ್ಳಿ, ಆಮೇಲೆ ಮುಟ್ಟಿ.

ನಕ್ಷೆಯ ಬೆಲೆ ತಿಳಿಯುವುದು ತಂಡ ಸತ್ತಾಗ. ಇಡೀ ತಂಡ ಅಳಿದರೆ ಹೆಣಗಳು ಬಿದ್ದ ಚೌಕದಲ್ಲೇ ಇರುತ್ತವೆ. ಕೋಟೆಯಲ್ಲಿ ಇನ್ನೊಂದು ತಂಡ ಕಟ್ಟಿ ಕಳುಹಿಸಿ ತರಿಸಿಕೊಳ್ಳಬೇಕು. ತಂಡದಲ್ಲಿ ಇರುವುದು ಆರೇ ಸ್ಥಾನ, ಹೆಣಕ್ಕೂ ಒಂದು ಸ್ಥಾನ ಬೇಕು. ನಾಲ್ವರು ಹೋದರೆ ಇಬ್ಬರನ್ನು ಹೊತ್ತು ತರಬಹುದು. ಆಮೇಲೆ ಕ್ಯಾಂಟ್ ದೇವಾಲಯದ ಪಾಳಿ. ಅಲ್ಲಿ ದುಡ್ಡು ಸುರಿದರೂ ಜೀವ ಬಂದೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಒಮ್ಮೆ ವಿಫಲವಾದರೆ ಹೆಣ ಬೂದಿಯಾಗುತ್ತದೆ, ಬೂದಿಯಿಂದಲೂ ಎಬ್ಬಿಸಲಾಗದಿದ್ದರೆ ಆ ಪಾತ್ರ ಶಾಶ್ವತವಾಗಿ ಇಲ್ಲ. ಈ ಭಯದಿಂದಾಗಿ ಹೊಸ ಕೋಣೆಯ ಬಾಗಿಲು ತೆರೆಯುವ ಮೊದಲೇ ನಿಂತ ಚೌಕದ ಅಂಕಿಯನ್ನು ಬರೆದುಕೊಳ್ಳುವುದು ರೂಢಿಯಾಯಿತು.

ನಾಲ್ಕನೆಯ ಅಂತಸ್ತಿನಲ್ಲಿ ಕಾವಲಿನ ಕಾದಾಟ ಗೆದ್ದರೆ ನೀಲಿ ರಿಬ್ಬನ್ ಸಿಗುತ್ತದೆ. ಅದಿದ್ದರೆ ಲಿಫ್ಟ್‌ನಲ್ಲಿ ನೇರ ಒಂಬತ್ತಕ್ಕೆ ಇಳಿಯಬಹುದು. ಅಂದರೆ ಐದರಿಂದ ಎಂಟರವರೆಗೆ ಕಾಲಿಡದೆಯೂ ಆಟ ಮುಗಿಯುತ್ತದೆ. ಇದನ್ನು ಔದಾರ್ಯ ಎನ್ನುವವರಿದ್ದಾರೆ. ನನಗಂತೂ ಅಷ್ಟು ಜಾಗ ಕಟ್ಟಿ ಯಾರನ್ನೂ ಕರೆಯದೆ ಬಿಟ್ಟಂತೆ ಕಾಣುತ್ತದೆ. ಹತ್ತನೆಯದರಲ್ಲಿ ಪೆನ್ಸಿಲ್‌ಗೆ ಹೆಚ್ಚು ಕೆಲಸವೇ ಇಲ್ಲ. ಒಂದಾದ ಮೇಲೊಂದು ಕಾದಾಟ, ಕೊನೆಗೆ ರಕ್ತಪಿಶಾಚಿಗಳನ್ನು ಪಕ್ಕದಲ್ಲಿಟ್ಟುಕೊಂಡ ವೆರ್ಡ್ನಾ. ಅವನನ್ನು ಮುಗಿಸಿ ತಾಯತ ತಂದವರ ಹೆಸರಿನ ಪಕ್ಕದಲ್ಲಿ ಆಟ ಒಂದು ಸಣ್ಣ ಗುರುತು ಹಾಕುತ್ತದೆ.

ನನ್ನ ತಂಡಕ್ಕೆ ಆ ಗುರುತು ಬಿದ್ದ ಮೇಲೆ ಐದನೆಯ ಅಂತಸ್ತಿಗೆ ಹಿಂತಿರುಗಿದೆ. ಐದು, ಆರು, ಏಳು ಪೂರ್ತಿಯಾಗಿವೆ. ಎಂಟರ ಹಾಳೆಯಲ್ಲಿ ಉತ್ತರ ಭಾಗ ಬಾಕಿಯಿದೆ.